ಸಾವಿರ ಎಳೆಯ ಬೆನ್ನುಡಿ

ಪುಸ್ತಕದ ಬೆನ್ನುಡಿಯನ್ನು ನಾವು ಯಾರೂ ಪೂರ್ತಿ ನಂಬೋದಿಲ್ಲ. 'ಕನ್ನಡದ ಬಹುಮುಖ್ಯ ಕಾದಂಬರಿ' ಅಂತಿದ್ದರೆ, ಬರೆದವರು ಲೇಖಕರ ಗೆಳೆಯರಿರಬೇಕು ಅಂದುಕೊಂಡು ಒಳಗಿನ ಎರಡು ಪುಟ ತಿರುವಿ ನೋಡ್ತೀವಿ. ಅದೇ ಬೆಡ್‌ಶೀಟಿನ ಪ್ಯಾಕೆಟ್ಟಿನ ಮೇಲೆ '1000 ಥ್ರೆಡ್ ಕೌಂಟ್, ಈಜಿಪ್ಷಿಯನ್ ಕಾಟನ್, ಹೋಟೆಲ್ ಲಕ್ಷುರಿ' ಅಂತಿದ್ದರೆ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಕೊಟ್ಟು ಬರ್ತೀವಿ. ಕಾದಂಬರಿ ಕೆಟ್ಟದಾಗಿದ್ದರೆ ಹಾಳಾಗೋದು ಒಂದು ಭಾನುವಾರ. ಬೆಡ್‌ಶೀಟಿನ ಜೊತೆ ದಿನಕ್ಕೆ ಏಳು ಗಂಟೆಯ ಸಂಸಾರ. (ಏಳು ಎಲ್ಲಿ ಬಂತು, ಐದೂವರೆ ಅನ್ನಿ.) ಅದಕ್ಕೇ ಈ ಸಲ ಪುಸ್ತಕ ಬದಿಗಿಟ್ಟು ಪ್ಯಾಕೆಟ್ಟಿನ ಬರಹವನ್ನೇ ವಿಮರ್ಶೆಗೆ ತಗೊಂಡಿದ್ದೀನಿ.

ಮೊದಲು ಆ ಸಾವಿರ. ಥ್ರೆಡ್ ಕೌಂಟ್ ಅಂದರೆ ಒಂದು ಚದರ ಇಂಚು ಬಟ್ಟೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಓಡುವ ಎಳೆಗಳ ಒಟ್ಟು ಲೆಕ್ಕ. ನಮ್ಮ ನೇಕಾರರ ಮಾತಲ್ಲಿ ಹಾಸು ಮತ್ತು ಹೊಕ್ಕು. ('ಸಮಕಾಲೀನ ತಲ್ಲಣಗಳು ಹಾಸುಹೊಕ್ಕಾಗಿವೆ' ಅಂತ ಪ್ರತಿ ಎರಡನೇ ವಿಮರ್ಶೆಯಲ್ಲಿ ಬರೀತೀವಲ್ಲ, ಅದು ಮಗ್ಗದಿಂದ ಎತ್ತಿದ ಸಾಲ.) ಒಂದಿಂಚು ಜಾಗದಲ್ಲಿ ಎಷ್ಟು ಎಳೆ ಕೂರಿಸಬಹುದು ಅನ್ನೋದಕ್ಕೆ ಒಂದು ಮಿತಿ ಇದೆ. ಒಳ್ಳೆಯ ಒಂಟಿ ನೂಲಿನ ಹತ್ತಿ ಬಟ್ಟೆಯಲ್ಲಿ 200ರಿಂದ 400 ಎಳೆ ಸಲೀಸಾಗಿ ಸಿಗುತ್ತೆ. ಅದರಾಚೆ ಹೋಗಬೇಕಾದರೆ ನೂಲು ತೀರಾ ಸಣ್ಣದಾಗಬೇಕು, ಬೆಲೆಯೂ ಹಾಗೇ ಏರುತ್ತೆ. ಹಾಗಿದ್ದರೆ ಸೇಲ್‌ನಲ್ಲಿ ಎರಡು ಸಾವಿರ ರೂಪಾಯಿಗೆ ಸಾವಿರ ಎಳೆ ಹೇಗೆ ಬಂತು? ಎರಡು, ಮೂರು, ನಾಲ್ಕು ತೆಳು ಎಳೆಗಳನ್ನು ಹೊಸೆದು ಒಂದು ನೂಲು ಮಾಡ್ತಾರೆ. ನೇಯ್ದಾದ ಮೇಲೆ ನೂಲನ್ನು ಎಣಿಸೋ ಬದಲು ಅದರೊಳಗಿನ ಒಂದೊಂದು ಎಳೆಯನ್ನೂ ಎಣಿಸ್ತಾರೆ. 250 ನೂಲು, ಇಂಟು ನಾಲ್ಕು, ಸಾವಿರ. ಒಂದು ಪರೋಟದ ಪದರ ಎಣಿಸಿ ಎಂಟು ಪರೋಟಕ್ಕೆ ಬಿಲ್ ಮಾಡಿದ ಹಾಗೆ. ಹೀಗೆ ಎಣಿಸೋದು ಕೊಳ್ಳುವವರ ದಾರಿ ತಪ್ಪಿಸಬಹುದು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಅಧಿಕಾರಿಗಳು 2005ರಲ್ಲೇ ಅಲ್ಲಿನ ಜವಳಿ ಸಂಘಕ್ಕೆ ಪತ್ರ ಬರೆದಿದ್ದರು. ಪ್ಯಾಕೆಟ್ಟಿನ ಮೇಲಿನ ಅಂಕಿ ಮಾತ್ರ ಅಂದಿನಿಂದ ಇಂದಿನವರೆಗೆ ದಪ್ಪ ಆಗ್ತಾನೇ ಇದೆ.

ತಮಾಷೆ ಏನಂದ್ರೆ, ಆ ಅಂಕಿ ನಿಜವೇ ಆಗಿದ್ದರೂ ಅದರಿಂದ ನಮಗೆ ದೊಡ್ಡ ಉಪಯೋಗ ಇಲ್ಲ. ಎಳೆ ಒತ್ತೊತ್ತಾಗಿದ್ದಷ್ಟೂ ಗಾಳಿ ಆಡೋದು ಕಮ್ಮಿ. ಮೇ ತಿಂಗಳ ಮಂಗಳೂರಲ್ಲಿ ಸಾವಿರ ಎಳೆಯ ಶೀಟಿನ ಮೇಲೆ ಮಲಗಿದವರು ಮಧ್ಯರಾತ್ರಿ ಎದ್ದು ಕೂತು ಲಕ್ಷುರಿ ಅಂದರೇನು ಅಂತ ಯೋಚನೆ ಮಾಡ್ತಾರೆ.

ಇನ್ನು ಈಜಿಪ್ಟ್. 2016ರಲ್ಲಿ ಅಮೆರಿಕದ ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ಸರಪಳಿ ನಮ್ಮ ದೇಶದ ವೆಲ್‌ಸ್ಪನ್ ಇಂಡಿಯಾ ಜೊತೆಗಿನ ವ್ಯವಹಾರ ಮುರಿದುಕೊಂಡಿತು. 2014ರ ಆಗಸ್ಟ್‌ನಿಂದ ಎರಡು ವರ್ಷ ಈಜಿಪ್ಷಿಯನ್ ಕಾಟನ್ ಅಂತ ಮಾರಿದ ಸುಮಾರು ಏಳೂವರೆ ಲಕ್ಷ ಬೆಡ್‌ಶೀಟು, ದಿಂಬಿನ ಕವರುಗಳಲ್ಲಿ ಇದ್ದದ್ದು ಬೇರೆ ಹತ್ತಿ ಅಂತ ಅವರ ತನಿಖೆಯಲ್ಲಿ ಗೊತ್ತಾಗಿತ್ತು. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು. ಆಗ ಎಲ್ಲರೂ ಮೋಸದ ಬಗ್ಗೆ ಬರೆದರು. ನನಗೆ ಕಾಡೋದು ಬೇರೆ. ಗುಟ್ಟು ರಟ್ಟಾಗಿದ್ದು ಅಂಗಡಿಯ ತನಿಖೆಯಿಂದ, ಅದರ ಮೇಲೆ ಮಲಗಿದವರ ಮೈ ಚರ್ಮದಿಂದ ಅಲ್ಲ. ಅಷ್ಟೊಂದು ರಾತ್ರಿ ಅವರಿಗೆ ಆರಾಮ ಕೊಟ್ಟಿದ್ದು ಹತ್ತಿಯೋ, ಲೇಬಲ್ಲೋ?

ಹಾಗಂತ ಹತ್ತಿಯಲ್ಲಿ ಮೇಲು ಕೀಳು ಇಲ್ಲ ಅಂತಲ್ಲ. ಖಂಡಿತ ಇದೆ. ಎಳೆಯ ಉದ್ದ ಹೆಚ್ಚಿದ್ದಷ್ಟೂ ನೂಲು ಸಣ್ಣದಾಗಿ, ಗಟ್ಟಿಯಾಗಿ ಬರುತ್ತೆ. ತುಂಡು ತುದಿಗಳು ಕಡಿಮೆ ಇರೋದರಿಂದ ನಾಲ್ಕು ಒಗೆತಕ್ಕೆ ಬಟ್ಟೆಯ ಮೇಲೆ ಸಣ್ಣ ಸಣ್ಣ ಗುಂಡು ಏಳೋದಿಲ್ಲ. ಈಜಿಪ್ಟಿನ ಹತ್ತಿಗೆ ಹೆಸರು ಬಂದಿದ್ದೇ ಈ ಉದ್ದದಿಂದ. ಆದರೆ ಉದ್ದ ಎಳೆಯ ಹತ್ತಿಗೆ ನೈಲ್ ನದಿ ತನಕ ಹೋಗಬೇಕಾಗಿಲ್ಲ. ವರಲಕ್ಷ್ಮಿ ಅನ್ನೋ ಹೈಬ್ರಿಡ್ ತಳಿ ಬಂದಿದ್ದು ನಮ್ಮ ಧಾರವಾಡದಿಂದ, 1972ರಲ್ಲಿ. ಆಮೇಲೆ ಅಲ್ಲಿಂದಲೇ ಡಿಸಿಎಚ್-32 ಬಂತು. ಕೊಯಮತ್ತೂರಿನ ಸುವಿನ್ ಅಂತೂ ಜಗತ್ತಿನ ಅತಿ ನವಿರಾದ ಹತ್ತಿಗಳ ಸಾಲಲ್ಲಿ ನಿಲ್ಲುತ್ತೆ. 'ಧಾರವಾಡದ ತಳಿಯ ಹತ್ತಿ' ಅಂತ ಅಚ್ಚಾದ ಬೆಡ್‌ಶೀಟಿನ ಪ್ಯಾಕೆಟ್ ಮಾತ್ರ ನಾನು ಎಲ್ಲೂ ನೋಡಿಲ್ಲ. ನೈಲ್‌ಗೆ ಇರೋ ಗ್ಲಾಮರು ಮಲಪ್ರಭೆಗೆ ಎಲ್ಲಿಂದ ಬರಬೇಕು?

ಪ್ಯಾಕೆಟ್ಟಿನಲ್ಲಿ ಸಣ್ಣಕ್ಷರದಲ್ಲಿ ಬರೆದು, ಅಂಗಡಿಯವರೂ ಹೇಳದೆ ಬಿಡೋ ಒಂದು ಮಾತಿದೆ. ನೇಯ್ಗೆ. ನಿಜವಾಗಿ ಕೇಳಬೇಕಾದ್ದು ಅದನ್ನೇ. ಪರ್ಕೇಲ್ ಅಂದರೆ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹೋಗುವ ಸಾದಾ ನೇಯ್ಗೆ. ಇಸ್ತ್ರಿ ಮಾಡಿದ ಅಂಗಿಯ ಹಾಗೆ ಗರಿಗರಿ, ಮೈಗೆ ತಂಪು. ಸ್ಯಾಟೀನ್‌ನಲ್ಲಿ ಎಳೆ ಮೂರ್ನಾಲ್ಕನ್ನು ದಾಟಿ ಒಂದರ ಕೆಳಗೆ ನುಗ್ಗುತ್ತೆ. ಅದರಿಂದ ಹೊಳಪು, ನುಣುಪು, ಜೊತೆಗೆ ಸ್ವಲ್ಪ ಬಿಸಿ. ಉಗುರು ತಾಗಿದರೆ ಎಳೆ ಎದ್ದುಬರೋದೂ ಇದರಲ್ಲೇ ಜಾಸ್ತಿ. ಮೈಸೂರಿನ ಡಿಸೆಂಬರ್‌ಗೆ ಸ್ಯಾಟೀನ್ ಚೆನ್ನ. ಉಳಿದಂತೆ ಬೆವರೋ ಜನ ನಾವು, ನಮಗೆ 250ರ ಪರ್ಕೇಲ್ ಸಾಕು, ಸಾಕಷ್ಟೇ ಅಲ್ಲ, ಮೇಲು. ಹಾಗೇ 'ಗ್ಲೇಸ್ ಕಾಟನ್' ಅನ್ನೋ ಹೆಸರಿನ ಬಗ್ಗೆ ಹುಷಾರು. ಹೆಸರಲ್ಲಿ ಕಾಟನ್ ಇದ್ದರೂ ಒಳಗೆ ಎಷ್ಟೋ ಸಲ ಪಾಲಿಯೆಸ್ಟರ್ ಇರುತ್ತೆ. ಮೈಕ್ರೋಫೈಬರ್ ಅಂದರೂ ಸಾಮಾನ್ಯವಾಗಿ ಅದೇ. ಅನುಮಾನ ಇದ್ದರೆ ಅಂಚಿನಿಂದ ಒಂದು ದಾರ ಕಿತ್ತು, ಸಿಂಕ್ ಹತ್ತಿರ ನಿಂತು ಬೆಂಕಿ ಸೋಕಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ. ಪಾಲಿಯೆಸ್ಟರ್ ಕರಗಿ ಮುದುಡಿ, ಗಟ್ಟಿ ಮಣಿ ಆಗುತ್ತೆ. ಇದಕ್ಕಿಂತ ನಿಷ್ಠುರವಾದ ವಿಮರ್ಶಕ ಇಲ್ಲ.

ಶೀಟಿನ ಬೆನ್ನುಡಿ ಇಷ್ಟಾದರೆ, ಹಾಸಿಗೆಯದ್ದು ಮಹಾಕಾವ್ಯ. ಅದರಲ್ಲಿ ನಾಸಾ ಕೂಡ ಬರುತ್ತೆ. ಮೆಮೊರಿ ಫೋಮ್ ಹುಟ್ಟಿದ್ದು ನಾಸಾ ಕೆಲಸದಿಂದ ಅನ್ನೋದು ನಿಜ. ಚಾರ್ಲ್ಸ್ ಯೋಸ್ಟ್ ಅನ್ನೋ ಎಂಜಿನಿಯರ್ 1966ರಲ್ಲಿ ಅದನ್ನು ಮಾಡಿದ್ದು ವಿಮಾನದ ಸೀಟಿನ ದಿಂಬಿಗಾಗಿ. ಗಗನಯಾತ್ರಿಗಳು ಅದರ ಮೇಲೆ ಗೊರಕೆ ಹೊಡೆದರು ಅನ್ನೋ ಧ್ವನಿ ಜಾಹೀರಾತಿನವರು ಸೇರಿಸಿದ್ದು. ಮೈ ಶಾಖಕ್ಕೆ ಮೆತ್ತಗಾಗಿ ಆಕಾರ ಹಿಡಿಯೋದು ಆ ಫೋಮಿನ ಗುಣ. ಅದೇ ಗುಣದಿಂದ ಶಾಖ ಒಳಗೇ ನಿಲ್ಲುತ್ತೆ, ಬಳ್ಳಾರಿಯ ಬೇಸಿಗೆಯಲ್ಲಿ ಹಾಸಿಗೆ ನಿಮ್ಮನ್ನು ಅರ್ಧ ನುಂಗುತ್ತೆ. ಫೋಮಿಗೆ ಒಂದು ನಿಜವಾದ ಅಂಕಿ ಇದೆ. ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆಜಿ ಅಂತ. ಫೋಮ್ ಎಷ್ಟು ವರ್ಷಕ್ಕೆ ಕುಸಿದು ಗುಂಡಿ ಬೀಳುತ್ತೆ ಅನ್ನೋದಕ್ಕೆ ಇದ್ದುದರಲ್ಲಿ ಒಳ್ಳೆಯ ಸುಳಿವು ಅದು. ಸೋಫಾ ರಿಪೇರಿ ಅಂಗಡಿಗೆ ಹೋಗಿ, '32 ಡೆನ್ಸಿಟಿ ಹಾಕ್ಲಾ, 40 ಹಾಕ್ಲಾ ಸರ್?' ಅಂತ ಅವರೇ ಕೇಳ್ತಾರೆ. ಮೂವತ್ತು ಸಾವಿರದ ಹಾಸಿಗೆಯ ಹೊಳೆಯೋ ಪುಟದಲ್ಲಿ ಪದರಗಳ ಬಣ್ಣ ಬಣ್ಣದ ಚಿತ್ರ ಇರುತ್ತೆ, ಆ ಅಂಕಿ ಹುಡುಕಿದರೂ ಸಿಗೋದು ಕಷ್ಟ.

ಇಲ್ಲಿಗೆ ಬಂದಾಗ ಯಾರಾದರೂ ಅಜ್ಜಿ ಮನೆಯ ಹತ್ತಿ ಹಾಸಿಗೆಯನ್ನ ನೆನೆಸಿಕೊಂಡೇ ನೆನೆಸಿಕೊಳ್ತಾರೆ. ಅದರ ಮೇಲೆ ನನಗೆ ಅಂಥ ಮೋಹ ಇಲ್ಲ. ಎರಡು ವರ್ಷಕ್ಕೆ ಗಂಟುಗಂಟಾಗ್ತಿತ್ತು, ಧೂಳಿನ ಮನೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬೇರೆ. ಆದರೆ ಅದಕ್ಕೆ ಒಂದು ಸವಲತ್ತಿತ್ತು. ಬಿಚ್ಚಬಹುದಿತ್ತು. ಪಿಂಜಾರರು ಬಿಲ್ಲು ತಗೊಂಡು ಬಂದು ಅಂಗಳದಲ್ಲೇ ಹತ್ತಿಯನ್ನ ಹೊರಗೆ ಹಾಕಿ ಹಿಂಜುತ್ತಿದ್ದರು. ಒಳಗೆ ಏನಿದೆ, ಎಷ್ಟು ಹಾಳಾಗಿದೆ, ಹೊಸದು ಎಷ್ಟು ಸೇರಿಸಬೇಕು ಅನ್ನೋದು ಮನೆಯವರ ಕಣ್ಣೆದುರೇ ತೀರ್ಮಾನ ಆಗ್ತಿತ್ತು. ಈಗಿನ ಹಾಸಿಗೆಗೆ ಜಿಪ್ ಇದ್ದರೂ ಬಿಚ್ಚಿದರೆ ವಾರಂಟಿ ಹೋಗುತ್ತಾ ಅಂತ ಹೆದರಿಕೆ. ಒಳಗನ್ನು ನೋಡಲಾಗದ ಕಡೆ ಬೆನ್ನುಡಿಯೇ ದೇವರು.

ಈ ಮಹಾಕಾವ್ಯದ ನಿಜವಾದ ನಾಯಕ ಹಾಸಿಗೆಯೂ ಅಲ್ಲ, ನಿದ್ದೆ. 2019ರಲ್ಲಿ ಬೆಂಗಳೂರಿನ ವೇಕ್‌ಫಿಟ್ 'ಸ್ಲೀಪ್ ಇಂಟರ್ನ್‌ಶಿಪ್' ಅಂತ ಶುರು ಮಾಡಿತು. 100 ರಾತ್ರಿ, ರಾತ್ರಿಗೆ 9 ಗಂಟೆ ಮಲಗಿದರೆ ಒಂದು ಲಕ್ಷ ರೂಪಾಯಿ. ಎಲ್ಲರೂ ನಕ್ಕೆವು, ಎಲ್ಲರೂ ಗೆಳೆಯರಿಗೆ ಫಾರ್ವರ್ಡ್ ಮಾಡಿದೆವು. ಜಾಹೀರಾತಾಗಿ ಅದು ಜಾಣತನದ್ದು, ಒಪ್ಪಲೇಬೇಕು. ಆದರೆ 9 ಗಂಟೆ ನಿದ್ದೆ ಅನ್ನೋದು ಜೋಕ್ ಆಗಿ ಕೆಲಸ ಮಾಡಬೇಕಾದರೆ ಕೇಳುವವರ ಸ್ಥಿತಿ ಏನಿರಬೇಕು ಯೋಚಿಸಿ. ರಾತ್ರಿ ಹತ್ತೂವರೆಗೆ ಅಮೆರಿಕದವರ ಜೊತೆ ಕಾಲ್, ಹನ್ನೆರಡಕ್ಕೆ ಮೊಬೈಲು, ಬೆಳಿಗ್ಗೆ ಏಳಕ್ಕೆ ಕ್ಯಾಬು. ಆ ಇಂಟರ್ನ್‌ಗಳಿಗೆ ಸಿಕ್ಕ ನಿಜವಾದ ಸೌಲಭ್ಯ ಹಾಸಿಗೆಯಲ್ಲ, ಆ 9 ಗಂಟೆ. ನಮಗೆ ಮಾರ್ತಿರೋದು ಮಾತ್ರ ಹಾಸಿಗೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನೋ ಗಾದೆಯನ್ನ ಯಾವ ಹಾಸಿಗೆ ಕಂಪನಿಯೂ ಬಳಸಿದ್ದು ನಾನು ಕಂಡಿಲ್ಲ. ಬಳಸೋಕಾಗಲ್ಲ.

ನಾನೇನೂ ದಡದಲ್ಲಿ ನಿಂತು ಹೇಳ್ತಿಲ್ಲ. ಮೂವತ್ತೊಂದನೇ ವಯಸ್ಸಿಗೆ ಸೊಂಟ ಹಿಡೀತು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತರೆ ಹಿಡೀದೆ ಇನ್ನೇನು? ಆದರೆ ಕುರ್ಚಿ ಬಿಡೋಕಾಗಲ್ಲವಲ್ಲ, ಹಾಗಾಗಿ ತಪ್ಪು ಹಾಸಿಗೆಯದ್ದೇ ಅಂತ ತೀರ್ಮಾನಿಸಿ, ಇಎಂಐ ಮೇಲೆ 'ಆರ್ಥೋಪೆಡಿಕ್' ಹಾಸಿಗೆ ತಂದೆ. ಕಂಪನಿ ಯಾವುದಾದರೇನು, ಆ ಪದ ಎಲ್ಲರ ಬಳಿಯೂ ಇದೆ. ಬಹಳ ಕಡೆ ಅದು 'ಗಟ್ಟಿ' ಅನ್ನೋದಕ್ಕೆ ಹಾಕಿದ ಬಿಳಿ ಕೋಟು, ಅಷ್ಟೇ. ಬೆನ್ನು ನೋವಿಗೆ ಗಟ್ಟಿ ಹಾಸಿಗೆ ಒಳ್ಳೇದು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು, ನಾನೂ ಪರೀಕ್ಷೆ ಮಾಡಲಿಲ್ಲ. ವರ್ಷ ಕಳೆದ ಮೇಲೆ ಓದಿದ್ದು: ಸ್ಪೇನ್ ದೇಶದಲ್ಲಿ ಬಹುಕಾಲದಿಂದ ಸೊಂಟನೋವಿದ್ದ 313 ಜನರಿಗೆ ಗಟ್ಟಿ ಹಾಸಿಗೆ ಅಥವಾ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದ್ದರು, ಅದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಹೆಚ್ಚು ಸುಧಾರಿಸಿದ್ದು ಮಧ್ಯಮದ ಮೇಲೆ ಮಲಗಿದವರು. ಪಕ್ಕಕ್ಕೆ ತಿರುಗಿ ಮಲಗುವ ನನ್ನಂಥವರಿಗೆ ಭುಜವೂ ಸೊಂಟವೂ ಸ್ವಲ್ಪ ಇಳೀಬೇಕು, ಇಳಿಯೋಕೆ ಜಾಗ ಇಲ್ಲದಿದ್ದರೆ ಬೆನ್ನುಮೂಳೆ ಸೊಟ್ಟಗಾಗುತ್ತೆ. ಇದನ್ನು ತಿಳಿಯೋಕೆ ಲ್ಯಾನ್ಸೆಟ್ಟೂ ಬೇಕಿರಲಿಲ್ಲ. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ನಾಚಿಕೆ ಬಿಟ್ಟು, ಮಲಗೋ ಭಂಗಿಯಲ್ಲೇ ಹದಿನೈದು ನಿಮಿಷ ಮಲಗಿದ್ದರೆ ಗೊತ್ತಾಗ್ತಿತ್ತು. ನಾನು ಮಾಡಿದ್ದು ಅಂಗೈಯಿಂದ ಎರಡು ಸಲ ಒತ್ತಿ, ತಲೆಯಾಡಿಸಿದ್ದು.

ಇಎಂಐ ಮುಗಿದು ಎಷ್ಟೋ ದಿನ ಆಯ್ತು. ಹಾಸಿಗೆ ಈಗ ಬಂದವರಿಗೆ ಅಂತ ಇಟ್ಟ ಕೋಣೆಯಲ್ಲಿದೆ, ಮೇಲೊಂದು ಗರಿಗರಿ ಪರ್ಕೇಲ್ ಶೀಟು. ಊರಿಂದ ಅಪ್ಪ ಬಂದಾಗ ಒಂದು ರಾತ್ರಿ ಅದರ ಮೇಲೆ ಮಲಗಿದ್ದರು. ಮಾರನೇ ರಾತ್ರಿ ನೋಡಿದರೆ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದಾರೆ. ಯಾಕಪ್ಪಾ ಅಂದೆ. 'ಏನಿಲ್ಲ ಕಣೋ, ಇದು ಸ್ವಲ್ಪ ಮೆತ್ತಗಿದೆ' ಅಂದರು.