ಮುಚ್ಚಿದ ಕದದ ಆಕಾಶಯಾನ

2022ರ ಅಕ್ಟೋಬರ್ ತಿಂಗಳಲ್ಲಿ ಎಮಿರೇಟ್ಸ್ ಸಂಸ್ಥೆಯ ಎ380 ಎಂಬ ಎರಡಂತಸ್ತಿನ ಬೃಹದ್ವಿಮಾನವು ದುಬೈ ಮತ್ತು ಬೆಂಗಳೂರುಗಳ ನಡುವೆ ಸಂಚಾರವನ್ನು ಆರಂಭಿಸಿತು. ಅದರ ಮೇಲಂತಸ್ತಿನ ಮುಂಭಾಗವು ಪ್ರಥಮ ದರ್ಜೆಯವರಿಗೆ ಮೀಸಲು. ಹದಿನಾಲ್ಕು ಮಂದಿಗೆ ಅಲ್ಲಿ ಎರಡು ಸ್ನಾನಗೃಹಗಳಿವೆ. ಒಬ್ಬೊಬ್ಬರಿಗೆ ಐದು ನಿಮಿಷ ಹರಿಯುವಷ್ಟು ಬಿಸಿನೀರು ದೊರೆಯುತ್ತದೆ. ಆ ನೀರು ಮುಗಿಲಿನಿಂದ ಬರುವುದಲ್ಲ. ನೆಲದಿಂದಲೇ ಅದನ್ನು ಎತ್ತಿಕೊಂಡು ಹೋಗಬೇಕು, ಎತ್ತಿದ ಪ್ರತಿಯೊಂದು ಕೊಡಕ್ಕೂ ಇಂಧನವನ್ನು ಉರಿಸಬೇಕು. ಈ ಸ್ನಾನವು 2008ರಿಂದಲೇ ಬೇರೆ ಮಾರ್ಗಗಳಲ್ಲಿ ನಡೆದುಬಂದಿತ್ತು. ಕನ್ನಡನಾಡಿನ ಶ್ರೀಮಂತ ಶ್ರಾವಕನ ಮನೆಬಾಗಿಲಿಗೆ ಬಂದುದು ಮಾತ್ರ ಈಚೆಗೆ. ಆದುದರಿಂದ ಇದನ್ನು ಪರದೇಶದ ದೊರೆಗಳ ವಿಲಾಸವೆಂದು ದೂರದಿಂದ ನೋಡಿ ಸುಮ್ಮನಿರುವಂತಿಲ್ಲ.

ಮೊದಲೇ ಹೇಳಬೇಕಾದ ಮಾತೊಂದಿದೆ. ಹದಿನಾಲ್ಕು ಗಂಟೆಗಳ ಯಾನದಲ್ಲಿ ಮೈಚಾಚಿ ಮಲಗಲು ಬಯಸುವುದು ದೋಷವಲ್ಲ. ಬೆನ್ನುನೋವಿನ ವೃದ್ಧರು, ಶಸ್ತ್ರಚಿಕಿತ್ಸೆಯಾದವರು ಮಂಡಿ ಮಡಚಿ ಕುಳಿತೇ ಸಾಗರವನ್ನು ದಾಟಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ. 1990ರ ದಶಕದ ಮಧ್ಯದಲ್ಲಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯು ಪ್ರಥಮ ದರ್ಜೆಯ ಆಸನವನ್ನು ಸಮತಟ್ಟಾದ ಹಾಸಿಗೆಯಾಗಿ ಮಾರ್ಪಡಿಸಿದಾಗ, ಮಾರಾಟವಾದುದು ವಿಶ್ರಾಂತಿ. ಅಲ್ಲಿಗೇ ನಿಂತಿದ್ದರೆ ವಿಮರ್ಶೆಗೆ ಹೆಚ್ಚಿನ ಅವಕಾಶವಿರಲಿಲ್ಲ.

ಆದರೆ ಹಾಸಿಗೆಯ ಅನಂತರ ಕದ ಬಂದಿತು. 2007ರ ಅಕ್ಟೋಬರ್ 25ರಂದು ಸಿಂಗಪುರದಿಂದ ಸಿಡ್ನಿಗೆ ಹಾರಿದ ಸಿಂಗಪುರ್ ಏರ್‌ಲೈನ್ಸ್ ಸಂಸ್ಥೆಯ ಎ380 ವಿಮಾನದಲ್ಲಿ, ಜಾರುಬಾಗಿಲುಗಳುಳ್ಳ ಹನ್ನೆರಡು ಕಿರುಕೋಣೆಗಳಿದ್ದವು. ಹತ್ತು ವರ್ಷಗಳ ಬಳಿಕ, 2017ರಲ್ಲಿ, ಅದೇ ಸಂಸ್ಥೆಯು ಕೋಣೆಗಳ ಸಂಖ್ಯೆಯನ್ನು ಆರಕ್ಕೆ ಇಳಿಸಿ ವಿಸ್ತಾರವನ್ನು ಹೆಚ್ಚಿಸಿತು. ಈ ನಡುವೆ 2014ರ ಡಿಸೆಂಬರಿನಲ್ಲಿ ಎತಿಹಾದ್ ಸಂಸ್ಥೆಯು ಅಬುಧಾಬಿಯಿಂದ ಲಂಡನ್ನಿಗೆ ಹಾರುವ ತನ್ನ ಎ380ರಲ್ಲಿ ‘ದಿ ರೆಸಿಡೆನ್ಸ್’ ಎಂಬ ನಿವಾಸವನ್ನೇ ಕಟ್ಟಿತು. ಪಡಸಾಲೆ, ಶಯನಗೃಹ, ಸ್ನಾನಗೃಹ, ಒಟ್ಟು 125 ಚದರ ಅಡಿ. ಜೊತೆಗೆ ಲಂಡನ್ನಿನ ಸವಾಯ್ ಹೋಟೆಲಿನ ಸಂಪ್ರದಾಯದಲ್ಲಿ ತರಬೇತಿ ಪಡೆದ ಖಾಸಗಿ ಪರಿಚಾರಕ. ನೆಲದ ಮೇಲೂ ಇದೇ ಕಥೆ. ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾ ಸಂಸ್ಥೆಯು 2004ರಲ್ಲಿಯೇ ಪ್ರಥಮ ದರ್ಜೆಯವರಿಗೆಂದು ಪ್ರತ್ಯೇಕ ನಿಲ್ದಾಣವನ್ನು ತೆರೆದಿದೆ. ಅಲ್ಲಿ ಪ್ರಯಾಣಿಕನು ತನ್ನ ಸಹಯಾತ್ರಿಕರ ಮುಖವನ್ನು ಕಾಣದೆಯೇ ಕಾರಿನಲ್ಲಿ ವಿಮಾನದ ಬುಡಕ್ಕೆ ಹೋಗಿ ಸೇರಬಹುದು.

ಎಮಿರೇಟ್ಸ್ ಸಂಸ್ಥೆಯು 2017ರಲ್ಲಿ ತನ್ನ ಬೋಯಿಂಗ್ 777 ವಿಮಾನಗಳಿಗೆ ರೂಪಿಸಿದ ಕೋಣೆಗಳನ್ನು ಮಾತ್ರ ತುಸು ನಿಂತು ನೋಡಬೇಕು. ಅದರ ಕದವು ನೆಲದಿಂದ ಸೂರಿನವರೆಗೆ ಮುಚ್ಚಿಕೊಳ್ಳುತ್ತದೆ. ಗೋಡೆಯಲ್ಲೊಂದು ಸಣ್ಣ ಕಿಂಡಿಯಿದೆ. ಒಳಗಿರುವವನಿಗೆ ಅಡಚಣೆಯಾಗದಂತೆ ಪಾನೀಯವನ್ನೂ ತಿನಿಸನ್ನೂ ಅದರ ಮೂಲಕ ನೀಡಲಾಗುತ್ತದೆ. ನಡುಸಾಲಿನ ಕೋಣೆಗೆ ಹೊರಗೋಡೆಯಿಲ್ಲವಾದುದರಿಂದ ಕಿಟಕಿಯೂ ಇಲ್ಲ. ಆ ಕೊರತೆಯನ್ನು ನೀಗಲು ವಿಮಾನದ ಹೊರಮೈಗೆ ಕ್ಯಾಮೆರಾಗಳನ್ನು ಜೋಡಿಸಿ, ಅವು ಕಂಡ ಆಕಾಶವನ್ನು ಕಿಟಕಿಯ ಆಕಾರದ ಪರದೆಗಳ ಮೇಲೆ ಮೂಡಿಸುತ್ತಾರೆ. ಕುಶಲತೆಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸವೇ ಸರಿ. ಆದರೆ ಆ ಕಿಂಡಿಯ ಉದ್ದೇಶವೇನು? ಕೊಡುವ ಕೈ ಇರಬೇಕು, ಆ ಕೈಯವಳ ಮುಖ ಇರಬಾರದು. ರಾತ್ರಿಯಿಡೀ ನಿದ್ದೆಗೆಟ್ಟು ನಿಂತ ಗಗನಸಖಿಯನ್ನು ಕಣ್ಣೆತ್ತಿ ನೋಡಿ ಒಂದು ಕೃತಜ್ಞತೆಯ ಮಾತನ್ನು ಹೇಳುವ ಅಲ್ಪ ಶ್ರಮದಿಂದಲೂ ಪ್ರಯಾಣಿಕನನ್ನು ಪಾರುಮಾಡುವುದೇ ಅದರ ಸಾಧನೆ. ಇಲ್ಲಿ ಮಾರಾಟವಾಗುತ್ತಿರುವುದು ಸುಖಕ್ಕಿಂತ ಹೆಚ್ಚಾಗಿ ಕಾಣದಿರುವ ಅನುಕೂಲ.

ಇದನ್ನು ಏಕಾಂತವೆಂದು ಕರೆಯುವ ವಾಡಿಕೆ ಬೆಳೆದಿದೆ. ಏಕಾಂತವೆಂಬ ಶಬ್ದಕ್ಕೆ ನಮ್ಮ ಸಮಾಜದಲ್ಲಿ ಒಂದು ತೂಕವಿದೆ. ಸಾಮಾಯಿಕಕ್ಕೆ ಕುಳಿತವನು ಅರಸುವ ವಸ್ತು ಅದು. ಅದಕ್ಕೆ ಚಾಪೆಯೊಂದು ಸಾಕು, ಪರಿಚಾರಕರು ಬೇಕಿಲ್ಲ. ವಿಮಾನದ ಈ ಏಕಾಂತವಾದರೋ ಅನೇಕರ ಎಚ್ಚರದ ಮೇಲೆ ನಿಂತಿದೆ. ಪ್ರಯಾಣಿಕನ ಹೆಸರು, ರುಚಿ, ನಿದ್ದೆಯ ವೇಳೆ ಇವೆಲ್ಲವೂ ಸೇವಕವರ್ಗಕ್ಕೆ ತಿಳಿದಿರಬೇಕು. ತನ್ನನ್ನು ಯಾರೂ ನೋಡಬಾರದೆಂದು ಅಪಾರ ಧನವನ್ನು ತೆತ್ತವನೇ ಆ ವಿಮಾನದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಗಮನಿಸಲ್ಪಡುವವನು.

ಆ ಧನ ಅವನದೇ, ಅದನ್ನು ಕೇಳಲು ಇತರರಿಗೇನು ಅಧಿಕಾರವೆಂದು ಆಕ್ಷೇಪಿಸುವವರುಂಟು. ಆದರೆ ವಿಮಾನದೊಳಗಿನ ಸ್ಥಳವು ಮಿತವಾದುದು. ಒಬ್ಬನು ಮಲಗುವ ಜಾಗದಲ್ಲಿ ಹಲವರು ಕುಳಿತು ಹೋಗಬಹುದಾಗಿತ್ತು. ವಿಶ್ವಬ್ಯಾಂಕಿನ ಸಂಶೋಧಕರು 2013ರಲ್ಲಿ ಮಾಡಿದ ಗಣನೆಯಂತೆ, ಪ್ರಥಮ ದರ್ಜೆಯ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಹೊರೆಯು ಸಾಮಾನ್ಯ ದರ್ಜೆಯವನ ಹೊರೆಯ ಒಂಬತ್ತು ಪಟ್ಟಿನವರೆಗೂ ಏರಬಲ್ಲದು. ವಾಯುಕಾಯ ಜೀವಗಳಿಗೂ ನೋವಾಗಬಾರದೆಂದು ತಿಳಿದ ಪರಂಪರೆಯವರಿಗೆ ಈ ಅಂಕಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ, ಈ ಕೋಣೆಯೊಳಗೂ ಜೈನಾಚಾರಕ್ಕೆ ಸ್ಥಾನವಿದೆ. ಮುಂಚಿತವಾಗಿ ತಿಳಿಸಿದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಜೈನಭೋಜನವನ್ನು ಅನೇಕ ವಿಮಾನಸಂಸ್ಥೆಗಳು ಒದಗಿಸುತ್ತವೆ. ಇದು ಸಂತೋಷದ ಸಂಗತಿ. ಹಿಂದೆ ಅವಲಕ್ಕಿ, ಖಾಖ್ರಗಳ ಗಂಟನ್ನು ಕಟ್ಟಿಕೊಂಡು ಹೊರಟವರು ಇದರ ಬೆಲೆಯನ್ನು ಬಲ್ಲರು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ ಭೋಜನಕ್ಕಷ್ಟೇ ಎಲ್ಲೆ ಕಟ್ಟಲಿಲ್ಲ. ವಾಹನ, ಶಯನ, ಸ್ನಾನಗಳನ್ನೂ ಅದೇ ಸಾಲಿನಲ್ಲಿ ಇರಿಸಿ, ಒಂದು ದಿನಕ್ಕೋ ಒಂದು ರಾತ್ರಿಗೋ ಒಂದು ತಿಂಗಳಿಗೋ ಮಿತಿ ಮಾಡಿಕೊಳ್ಳಬಹುದೆಂದರು. ಈ ಟಿಕೆಟ್ಟಿನಲ್ಲಿ ವಾಹನ, ಶಯನ, ಸ್ನಾನ ಮೂರೂ ಒಟ್ಟಿಗೆ ಬರುತ್ತವೆ. ತಟ್ಟೆಯಲ್ಲಿ ಆಲೂಗಡ್ಡೆಯಿಲ್ಲವೆಂದು ನಿಶ್ಚಿಂತನಾಗಿ ಕದವೆಳೆದುಕೊಳ್ಳುವವನು ನಾಲ್ಕರಲ್ಲಿ ಒಂದನ್ನು ಪಾಲಿಸಿ ಮೂರನ್ನು ಮರೆತಂತಾಯಿತು. ಅತಿಥಿಗಳಿಗೂ ವಿದ್ವಾಂಸರಿಗೂ ಪ್ರಯಾಣದ ಏರ್ಪಾಡು ಮಾಡುವ ಬಸದಿಗಳ ಟ್ರಸ್ಟುಗಳು, ಭೋಜನದ ವಿಷಯದಲ್ಲಿ ಕೇಳುವ ಪ್ರಶ್ನೆಯನ್ನು ಆಸನದ ವಿಷಯದಲ್ಲಿಯೂ ಕೇಳಿಕೊಂಡರೆ ತಪ್ಪಾಗದು.

ವೈಭವದ ಪ್ರಯಾಣವನ್ನು ನಮ್ಮ ಪುರಾಣಗಳು ಅರಿಯವೆಂದಲ್ಲ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ವಜ್ರಜಂಘನು ಶ್ರೀಮತಿಯೊಡನೆ ಪರಿವಾರಸಮೇತನಾಗಿ ಹೊರಟವನು; ಅವನ ಬೀಡಿನಲ್ಲಿ ಯಾವ ಸುಖಕ್ಕೂ ಕೊರತೆಯಿರಲಿಲ್ಲ. ಅಡವಿಯ ಸರೋವರದ ಬಳಿ ಬೀಡುಬಿಟ್ಟಾಗ ದಮಧರ, ಸಾಗರಸೇನರೆಂಬ ಚಾರಣಮುನಿಗಳು ಚರಿಗೆಗೆ ಬಂದರು. ಅರಸನೂ ಅರಸಿಯೂ ಆಹಾರದಾನ ಮಾಡಿದರು. ಆ ದಾನವು ಎಷ್ಟು ಬಯಲಿನಲ್ಲಿ ನಡೆಯಿತೆಂದರೆ, ಹುಲಿ, ಹಂದಿ, ಕೋತಿ, ಮುಂಗುಸಿಗಳೂ ಹತ್ತಿರ ನಿಂತು ಅದನ್ನು ನೋಡಿದವು, ನೋಡಿ ಸಂತೋಷಪಟ್ಟವು. ಅನುಮೋದನೆಯಿಂದಲೇ ಅವುಗಳಿಗೂ ಪುಣ್ಯ ಲಭಿಸಿತು. ಅರಸನ ಬೀಡಿಗೆ ಸೂರಿನವರೆಗಿನ ಕದವಿದ್ದಿದ್ದರೆ ಮುನಿಗಳು ಒಳಗೆ ಬರುತ್ತಿರಲಿಲ್ಲ, ಮೃಗಗಳು ನೋಡುತ್ತಲೂ ಇರಲಿಲ್ಲ.

ಅದೇ ವಜ್ರಜಂಘನ ಕೊನೆಯೂ ಕನ್ನಡದ ಓದುಗರಿಗೆ ಚಿರಪರಿಚಿತ. ಒಂದು ರಾತ್ರಿ ಶಯ್ಯಾಗೃಹದಲ್ಲಿ ಧೂಪವನ್ನಿಟ್ಟವರು ಗವಾಕ್ಷಗಳನ್ನು ತೆರೆಯಲು ಮರೆತರು. ಸುಖಕ್ಕೆಂದು ಹಾಕಿದ ಹೊಗೆ ಕೋಣೆಯನ್ನು ತುಂಬಿ, ಮಲಗಿದ್ದ ದಂಪತಿಗಳ ಉಸಿರನ್ನು ಕಟ್ಟಿಸಿತು. ಅಡವಿಯಲ್ಲಿ ಮಾಡಿದ ದಾನದ ಫಲದಿಂದ ಇಬ್ಬರೂ ಭೋಗಭೂಮಿಯಲ್ಲಿ ಹುಟ್ಟಿದರು; ಅಂದು ಹತ್ತಿರ ನಿಂತು ನೋಡಿದ ಆ ನಾಲ್ಕು ಮೃಗಗಳೂ ಅಲ್ಲಿಯೇ ಹುಟ್ಟಿದವು.