ಹಳೆಯ ‘ಚಂದಮಾಮ’ದ ಸಂಗ್ರಹ: ಒಂದು ವಿಮರ್ಶೆ

ಹಳೆಯ ಸಚಿತ್ರ ಮಾಸಪತ್ರಿಕೆಗಳನ್ನು ಕೂಡಿಡುವ ಅಭಿರುಚಿ ಮೆಚ್ಚತಕ್ಕುದೇ. ಆದರೆ ಕೂಡಿಡುವ ಕ್ರಮದಲ್ಲಿ ವಿವೇಕವು ಸಾಲದೆಂದು ಹೇಳದೆ ವಿಧಿಯಿಲ್ಲ. ಮುಖಪುಟದ ಬಣ್ಣಕ್ಕೆ ಮರುಳಾದವರು ಅದನ್ನು ಕತ್ತರಿಸಿ ಗಾಜಿನ ಚೌಕಟ್ಟಿಗೇರಿಸುತ್ತಾರೆ. ಕಥೆಯೇ ಸಾಕೆನ್ನುವವರು ಮುಖಪುಟವನ್ನೂ ಜಾಹೀರಾತುಗಳನ್ನೂ ಕಿತ್ತುಹಾಕಿ ಉಳಿದುದನ್ನು ಬೈಂಡು ಮಾಡಿಸುತ್ತಾರೆ. ಇಬ್ಬರ ಕೈಯಲ್ಲಿಯೂ ಪತ್ರಿಕೆಯು ಅರ್ಧವಾಗುತ್ತದೆ. ‘ಚಂದಮಾಮ’ವನ್ನು ಕುರಿತು ಈ ಮಾತು ವಿಶೇಷವಾಗಿ ಸಲ್ಲುವುದು.

೧೯೪೭ರ ಜುಲೈ ತಿಂಗಳಲ್ಲಿ ಮದರಾಸಿನಿಂದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಇದನ್ನು ತೆಲುಗು, ತಮಿಳುಗಳಲ್ಲಿ ಹೊರಡಿಸಿದರು. ಕೆಲವೇ ಕಾಲದಲ್ಲಿ ಕನ್ನಡಕ್ಕೂ ಬಂದಿತು. ೨೦೧೩ರಲ್ಲಿ ಪ್ರಕಟಣೆ ನಿಂತಿತು. ಭಾಷೆಗಳು ಹಲವಾದರೂ ಚಿತ್ರಗಳು ಒಂದೇ. ನಮ್ಮ ಗಡಿನಾಡಿನಲ್ಲಿ ತೆಲುಗು, ಕನ್ನಡ ಸಂಚಿಕೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಅದೇ ಕೋಟೆ, ಅದೇ ಮಾಂತ್ರಿಕ, ಅಕ್ಷರ ಮಾತ್ರ ಬೇರೆ. ಎರಡು ಲಿಪಿಗಳ ನಡುವೆ ಬೆಳೆಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ವಾಚಕ ಪುಸ್ತಕವುಂಟೇ?

ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಪುಟಗಳಿಗೆ ಸಂಗ್ರಾಹಕರಲ್ಲಿ ಬಹಳ ಮನ್ನಣೆ. ಅವುಗಳ ಶೋಭೆಯನ್ನು ಅಲ್ಲಗಳೆಯಲಾಗದು. ಆದರೂ ಅಲ್ಲಿನ ವೀರರು ರಂಗಸ್ಥಳದಲ್ಲಿ ನಿಂತವರಂತೆ ನನಗೆ ತೋರುತ್ತಾರೆ. ನೋಡುವವನಿಗೆ ದರ್ಶನ ಕೊಡಲೆಂದೇ ನಿಂತವರು. ಪತ್ರಿಕೆಯ ನಿಜವಾದ ಸತ್ತ್ವವಿರುವುದು ಒಳಪುಟಗಳ ರೇಖಾಚಿತ್ರಗಳಲ್ಲಿ. ‘ಚಿತ್ರಾ’ ಎಂದು ರುಜು ಮಾಡುತ್ತಿದ್ದ ಟಿ. ವಿ. ರಾಘವನ್ನರ ಕಾಡುಗಳನ್ನೂ ವಿಚಿತ್ರ ಪ್ರಾಣಿಗಳನ್ನೂ ನೋಡಬೇಕು. ೨೦೨೦ರಲ್ಲಿ ನಿಧನರಾದ ಶಂಕರ್ ಅವರ ಬೇತಾಳಚಿತ್ರವನ್ನು ಬಲ್ಲದವರಾರು? ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಮುಂದಿಟ್ಟ ಹೆಜ್ಜೆ. ರಾಜನು ಸುಡುಗಾಡಿನಲ್ಲಿ ನಡೆಯುತ್ತಲೇ ಇದ್ದಾನೆ. ಕಥೆಯು ಆ ಹೆಜ್ಜೆಯಿಂದಲೇ ಹೊರಡುತ್ತದೆ.

ಈ ಕಥೆಗಳ ಗದ್ಯವನ್ನು ಸಪ್ಪೆಯೆಂದು ಹಳಿಯುವ ಪಂಡಿತರುಂಟು. ಚಿತ್ರವನ್ನು ಮುಚ್ಚಿಕೊಂಡು ಓದಿದರೆ ಸಪ್ಪೆಯೇ ಸರಿ. ಅರಮನೆಯ ವೈಭವವನ್ನಾಗಲಿ ರಾಕ್ಷಸನ ರೂಪವನ್ನಾಗಲಿ ಗದ್ಯವು ವರ್ಣಿಸಲು ನಿಲ್ಲುವುದಿಲ್ಲ. ಆ ಹೊರೆಯನ್ನು ಪಕ್ಕದ ಚಿತ್ರವು ಹೊತ್ತಿರುತ್ತದೆ. ತರಗತಿಯಲ್ಲಿ ಮಕ್ಕಳು ಮೊದಲು ಚಿತ್ರಕ್ಕೆ ಬೆರಳಿಟ್ಟು, ಅನಂತರ ಸಾಲಿಗೆ ಬರುವುದನ್ನು ಕಂಡಿದ್ದೇನೆ. ಒಂದನ್ನೊಂದು ಅಗಲಿಸಿದರೆ ಎರಡೂ ಬಡವಾಗುತ್ತವೆ. ಜಾಹೀರಾತುಗಳೂ ಕಸವಲ್ಲ, ಅಂದಿನ ಮನೆಯೊಳಗೆ ಯಾವ ಸಾಬೂನು, ಯಾವ ಬಿಸ್ಕತ್ತು ಪ್ರವೇಶಿಸುತ್ತಿದ್ದಿತೆಂಬುದು ಅಲ್ಲಿಯೇ ತಿಳಿಯತಕ್ಕದ್ದು.

ಅಂತರ್ಜಾಲದಲ್ಲಿ ದೊರೆಯುವ ಪ್ರತಿಬಿಂಬಗಳು ಓದಿಗೆ ಉಪಕಾರಿಗಳು. ಆದರೆ ಕಾಗದದ ಗುಣವೂ ಅಚ್ಚಿನ ಮಸಿಯ ಉಬ್ಬುತಗ್ಗೂ ಅವುಗಳಲ್ಲಿ ಬಾರವು. ಆ ಕಾಲದ ಅಗ್ಗದ ಕಾಗದವು ಮರದ ತಿರುಳಿನದು. ಬೆಳಕು ತಗುಲಿದಷ್ಟೂ ಹಳದಿಯಾಗಿ ಪುಡಿಯಾಗುವುದು. ಕಬ್ಬಿಣದ ಪಿನ್ನುಗಳು ತುಕ್ಕು ಹಿಡಿದು ನಡುಪುಟವನ್ನೇ ತಿನ್ನುತ್ತವೆ. ಅವನ್ನು ಮೆಲ್ಲನೆ ಬಿಡಿಸಿ ನೂಲಿನಿಂದ ಹೊಲಿಯಬಹುದು. ಹರಿದ ಕಡೆ ಸೆಲೋಟೇಪು ಅಂಟಿಸಿದರೆ ಕೆಲವು ವರ್ಷಗಳಲ್ಲಿ ಕಂದು ಕಲೆಯೇ ಉಳಿಯುತ್ತದೆ. ಹರಿದ ಪುಟವನ್ನು ಮಡಿಸದೆ, ಹರಿದಂತೆಯೇ ಸಂಚಿಕೆಯೊಳಗೆ ಇರಿಸುವುದು ಲೇಸು.