ಎರಡೇ ಸೀಟಿನ ಸುಖ
ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಕರ್ನಿ ಮೆಸಾದಲ್ಲಿ ಕಾರಿನ ಶೋರೂಮುಗಳಿಗೆ ಬರವಿಲ್ಲ. ಅಲ್ಲಿಂದಲೇ ಮೂರು ವಾರದ ಹಿಂದೆ ಈ ಕೆಂಪು ಕಾರು ಮನೆಗೆ ಬಂತು: ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಕೈಯಲ್ಲೇ ಹಾಕುವ ಗೇರು.

ಗೇರಿನ ಕೋಲು ಗಿಡ್ಡ. ಮಣಿಕಟ್ಟು ತುಸು ಆಡಿಸಿದರೆ ‘ಟಕ್’ ಅಂತ ಎರಡರಿಂದ ಮೂರಕ್ಕೆ ಬೀಳುತ್ತದೆ. ಟಾಪು ತೆಗೆದು 163ರ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು, ಬಲ್ಬೋವಾ ಪಾರ್ಕಿನ ಮರಗಳ ನಡುವೆ ಕಬ್ರಿಯೋ ಸೇತುವೆಯ ಕಮಾನಿನಡಿ ನುಸುಳುವಾಗ ಎಂಜಿನ್ನಿನ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದಲ್ಲ, ಕೊಟ್ಟ ಡಾಲರೆಲ್ಲ ಅಲ್ಲೇ ವಸೂಲು. ಅದಕ್ಕೆ ವೇಗದ ಮಿತಿ ದಾಟಬೇಕಾಗಿಯೂ ಇಲ್ಲ.

ಇಂಥ ಹಗುರ ಕಾರುಗಳಿಗೆ ಮರುಜೀವ ಕೊಟ್ಟದ್ದು 1989ರ ಮಜ್ದಾ ಮಿಯಾಟಾ. ಅದರ ವಿನ್ಯಾಸದ ಪೈಪೋಟಿಯಲ್ಲಿ ಟೋಕಿಯೋ ತಂಡವನ್ನು ಸೋಲಿಸಿದ್ದು ಇದೇ ದಕ್ಷಿಣ ಕ್ಯಾಲಿಫೋರ್ನಿಯಾದ ತಂಡ. 2016ಕ್ಕೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ನನ್ನದು ಬೇರೆ ಕಂಪನಿಯದು, ಜಾತಿ ಅದೇ.

ಕಿರಿಕಿರಿ ಇಲ್ಲವೆಂದಲ್ಲ. ಕಾಫಿ ಲೋಟ ಇಡುವ ಜಾಗ ಮೊಣಕೈಗೆ ತಾಗುತ್ತದೆ. ಕಾನ್‌ವಾಯ್ ಸ್ಟ್ರೀಟಿನ ಉಬ್ಬುತಗ್ಗಿಗೆ ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಜೀರುಂಡೆ ಕೂಗುತ್ತದೆ. ಡಿಕ್ಕಿಗೆ ಸೋನಾ ಮಸೂರಿಯ ಒಂದು ಮೂಟೆ ಹೋದರೆ ತರಕಾರಿ ಚೀಲ ಹೆಂಡತಿಯ ಮಡಿಲಿಗೆ. ಊರಿಂದ ಬಂದಿರುವ ಅಮ್ಮ ಒಂದು ಸುತ್ತು ನೋಡಿ, “ಇಷ್ಟು ದುಡ್ಡು ಸುರಿದು ಅರ್ಧ ಕಾರು ತಂದ್ಯೇನೋ?” ಅಂದಳು. ಆಕೆ ಇಳಿಯುವಾಗ ನಾನು ಕೈಕೊಟ್ಟು ಎಬ್ಬಿಸಬೇಕು.

ಶನಿವಾರ ಸರ್ವಿಸಿಗೆ ಬಿಡುತ್ತಿದ್ದೇನೆ. ಜೀರುಂಡೆ ಹುಡುಕಿಕೊಟ್ಟರೆ ಸಾಕು, ಉಳಿದದ್ದು ಹೀಗೇ ಇರಲಿ.